ಹಿತ್ತಲ ಕಾಯಿದೆ

ಹಾನಗಲ್ಲಿನ ಬಸ್ ನಿಲ್ದಾಣದ ನಲ್ಲಿಯಲ್ಲಿ ಪ್ರಾಣೇಶ ಮೂರನೆಯ ಸಲ ಕೈ ತೊಳೆದುಕೊಂಡ. ಕೈಗೆ ಏನೂ ಹತ್ತಿರಲಿಲ್ಲ. ಸವಣೂರಿನಿಂದ ಇಲ್ಲಿಯವರೆಗೆ ಬಸ್ಸಿನ ಕಂಬಿ ಹಿಡಿದು ನಿಂತು ಬಂದಿದ್ದ. ತಾನು ಹಿಡಿಯುವ ಮೊದಲು ಅದನ್ನು ಯಾರು ಹಿಡಿದಿದ್ದರು, ಅವರು ಅದಕ್ಕೂ ಮೊದಲು ಎಲ್ಲಿ ಕೆರೆದುಕೊಂಡಿದ್ದರು ಎಂದು ಮನಸ್ಸು ಒಂದೊಂದೇ ಬೆವರಿನ ಪದರವನ್ನು ಬಿಡಿಸುತ್ತ ಹೋಗಿತ್ತು. ನಲ್ಲಿಯ ಬುಡದಲ್ಲಿ ಯಾರೋ ಉಗುಳಿದ ಎಲೆಯಡಿಕೆ, ಅದರಲ್ಲಿ ಊದಿಕೊಂಡ ನಾಲ್ಕು ಅಗುಳು ಅನ್ನ, ಆ ಅನ್ನಕ್ಕೆ ಬಂದ ಕಾಗೆ. ಕಾಗೆ ಕೆಂಪನ್ನು ಬಿಟ್ಟು ಬಿಳಿಯನ್ನಷ್ಟೇ ಆರಿಸಿಕೊಂಡಿತು. ಬಲು ಮಡಿವಂತ ಕಾಗೆ ಅನ್ನಿಸಿ ನಗು ಬಂತು, ನಗುವಿನ ಹಿಂದೆಯೇ ಹುಳಿತೇಗು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕೈಚೀಲದಲ್ಲಿ ಹನ್ನೊಂದು ಪುಟಗಳ ಉಪನ್ಯಾಸವಿತ್ತು: ‘ಸಾಮಾಜಿಕ ಕಾನೂನು: ವಿವಿಧ ದೇಶಗಳ ನ್ಯಾಯಪದ್ಧತಿಗಳಲ್ಲಿ ಅದರ ಅರ್ಥ.’ ಶಿಗ್ಗಾವಿಯ ಕೋರ್ಟಿನಲ್ಲಿ ವಕೀಲಿಕೆ, ವಾರಕ್ಕೆರಡು ದಿನ ಕಾನೂನು ಕಾಲೇಜೊಂದರಲ್ಲಿ ಪಾಠ, ಇಂಥ ಶನಿವಾರಗಳಲ್ಲಿ ಯಾವುದೋ ತಾಲೂಕಿನ ಕಾನೂನು ಅರಿವು ಶಿಬಿರದಲ್ಲಿ ಭಾಷಣ, ಇವತ್ತು ಹಿರೇಕೆರೂರು. ಹನ್ನೊಂದು ಗಂಟೆಗೆ ಅವನು ಇನ್ನೂರು ಹೆಂಗಸರಿಗೆ ಜರ್ಮನಿಯ ವಿಷಯ ಹೇಳಬೇಕಾಗಿತ್ತು.

ಚಹಾದವನು ನಾಲ್ಕು ಗ್ಲಾಸುಗಳನ್ನು ಒಂದೇ ಕೈಯಲ್ಲಿ, ಪ್ರತಿಯೊಂದರಲ್ಲೂ ಒಂದೊಂದು ಬೆರಳು ಅದ್ದಿ, ಎತ್ತಿ ತಂದ. ಪ್ರಾಣೇಶನ ಪಾಲಿಗೆ ಹೆಬ್ಬೆರಳಿನ ಗ್ಲಾಸು ಬಂತು. ತಗೊಂಡ, ಕಂಬದ ಹಿಂದೆ ಹೋದ, ಕಾಲಿನ ಹತ್ತಿರ ಸದ್ದಾಗದಂತೆ ಚೆಲ್ಲಿದ. ಕಂಬದ ಆ ಬದಿಗೆ ಕುಳಿತಿದ್ದ ಮುದುಕನೊಬ್ಬ ಚೆಲ್ಲಿದ ಚಹಾ ತನ್ನ ಚಪ್ಪಲಿಯ ತನಕ ಹರಿದು ಬಂದದ್ದನ್ನು ನೋಡಿ, ಕಾಲೆಳೆದುಕೊಂಡು, ಕಫದ ದನಿಯಲ್ಲಿ ಹೇಳಿದ: “ನನಗರ ಕೊಟ್ಟಿದ್ರ ಕುಡೀತಿದ್ನಲ್ರಿ.” ಪ್ರಾಣೇಶ “ನೊಣ ಬಿದ್ದಿತ್ರಿ” ಎಂದ. ಅಂದದ್ದು ಮುದುಕನದೇ ದನಿಯಲ್ಲಿ, ಅದೇ ಕಫ, ಕೊನೆಯಲ್ಲಿ ಅದೇ ಒಡಕು. ಬೇಕೆಂದು ಮಾಡಿದ್ದಲ್ಲ. ಮುದುಕ ತನ್ನ ಗಂಟಲನ್ನು ಯಾರೋ ಕದ್ದಂತೆ ಕತ್ತು ಮುಟ್ಟಿ ನೋಡಿಕೊಂಡ.

ಇದೊಂದು ರೋಗ. ಚಿಕ್ಕಂದಿನಲ್ಲಿ ಅಜ್ಜನ ಪಾರಾಯಣದ ಧಾಟಿಯನ್ನು, ಹಲ್ಲಿಲ್ಲದ ಬಾಯಿಂದ ತಪ್ಪಿಸಿಕೊಳ್ಳುವ ವಿಸರ್ಗಗಳ ಸಮೇತ ತೆಗೆದು ತೋರಿಸಿ ಕೆನ್ನೆಗೆ ತಿಂದಿದ್ದ. ಈಗ ಬಾರ್ ರೂಮಿನಲ್ಲಿ ಅದಕ್ಕೇ ಬೇಡಿಕೆ. ನ್ಯಾಯಾಧೀಶರು ಆಕಳಿಸುತ್ತ ಕೊಡುವ ಮುಂದಿನ ತಾರೀಖು, ಬೇಲೀಫನ ಕೂಗು, ಕಟಕಟೆಯಲ್ಲಿ ನಿಂತ ಮುದುಕಿಯ ಪ್ರಮಾಣವಚನ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ‘ಪ್ರಾಣೇಶ, ನಿನ್ನ ದನಿ ಯಾವುದೋ?’ ಎಂದು ಹೆಂಡತಿ ವೇದಾ ಮದುವೆಯಾದ ಹೊಸದರಲ್ಲಿ ನಕ್ಕು ಕೇಳುತ್ತಿದ್ದಳು, ಈಗ ಕೇಳುವುದಿಲ್ಲ. ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಎರಡು ದನಿ. ಒಂದು ಅವ್ವನದು, ಅಡುಗೆಮನೆಯೊಳಗಿನದು, ‘ಅದ’ ಎನ್ನುವುದು. ಇನ್ನೊಂದು ಪಾತ್ರೆ ತಿಕ್ಕುವ ಚೌಡವ್ವನದು, ಹಿತ್ತಲಿನದು, ‘ಐತಿ’ ಎನ್ನುವುದು. ಇಪ್ಪತ್ತೆರಡು ವರ್ಷ ಆ ಎರಡು ದನಿಗಳ ನಡುವೆ ಒಂದು ಹೊಸ್ತಿಲಿತ್ತು; ಅದರ ಎರಡೂ ಬದಿಗೆ ಸಲೀಸಾಗಿ ಓಡಾಡಿದ್ದು ಅವನ ನಾಲಿಗೆಯೊಂದೇ.

ಮೊನ್ನೆ ಗುರುವಾರ ಮುಂಜಾನೆ ಚೌಡವ್ವ ಅರ್ಜಿಯ ಕಾಗದ ತಂದಿಟ್ಟು ಹೋಗಿದ್ದಳು. ಮೂರು ವಾರದ ಹಿಂದೆ ಹಿತ್ತಲಿನ ಪಾತ್ರೆ ತಿಕ್ಕುವ ಕಲ್ಲಿನ ಮೇಲೆ, ಪಾಚಿಯಲ್ಲಿ, ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪಾಚಿ ತಿಕ್ಕಿಸಬೇಕು ಎಂದು ಅವನೇ ಮಳೆಗಾಲದಿಂದ ಅನ್ನುತ್ತ ಬಂದಿದ್ದ. ಎಲುಬು ಸೊಟ್ಟ ಕೂಡಿದೆ, ಹುಬ್ಬಳ್ಳಿಗೆ ಹೋಗಿ ಕೊಯ್ದು ಸರಿ ಮಾಡಿಸದಿದ್ದರೆ ಬೆರಳು ಮಡಿಸಲು ಬರುವುದಿಲ್ಲ ಎಂದಿದ್ದರು ಸರಕಾರಿ ದವಾಖಾನೆಯ ಡಾಕ್ಟರು. ಬೆರಳು ಮಡಿಸಲು ಬಾರದ ಪಾತ್ರೆ ತಿಕ್ಕುವವಳು ಎಂದರೆ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೂಲಿಕಾರರಿಗೆ ಸರಕಾರದಿಂದ ನೆರವು ಸಿಗುತ್ತದೆ, ಅದಕ್ಕೆ ಡಾಕ್ಟರ ಪ್ರಮಾಣಪತ್ರದ ಕೆಳಗೇ ಕೆಲಸ ಕೊಟ್ಟವರು ‘ಹೌದು, ನಮ್ಮಲ್ಲಿ ಇಷ್ಟು ವರ್ಷದಿಂದ ದುಡಿಯುತ್ತಾಳೆ, ದುಡಿಯುವಾಗಲೇ ಬಿದ್ದಳು’ ಎಂದು ಬರೆದು ಸಹಿ ಮಾಡಬೇಕು. ಸೋಮವಾರ ಕಡೆಯ ದಿನ. ಅವಳು ಕಾಗದವನ್ನು ಹಿತ್ತಲ ಕಟ್ಟೆಯ ಮೇಲಿಟ್ಟು, ಹಾರದಂತೆ ಒಂದು ಹರಳುಕಲ್ಲು ಹೇರಿ ಹೋದಳು. ಆ ಮನೆಗೆ ಅವಳ ಕೈಯಿಂದ ಬರುವುದೆಲ್ಲ ಹಾಗೇ ಬರುತ್ತಿತ್ತು. ಇಡುವುದು ಅವಳು, ಅವಳು ಸರಿದ ಮೇಲೆ ತೆಗೆದುಕೊಳ್ಳುವುದು ಇವರು. ತಿಕ್ಕಿದ ಪಾತ್ರೆ ಬೋರಲು ಬಿದ್ದಿರುತ್ತಿದ್ದವು. ಅವ್ವ ತಂಬಿಗೆಯಿಂದ ನೀರು ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದಳು. ತಿಕ್ಕಿದ್ದರಿಂದ ಹೋದದ್ದು ಮುಸುರೆ. ತಿಕ್ಕಿದವಳು ಮುಟ್ಟಿದ್ದು ಹೋಗುವುದಕ್ಕೆ ಆ ನೀರು. ಅವತ್ತು ಸ್ನಾನ ಮುಗಿಸಿ ಮಡಿಯಲ್ಲಿ ಹಿತ್ತಲಿಗೆ ಬಂದ ಅವ್ವ, ವಿಮಲಾಬಾಯಿ, ಎಪ್ಪತ್ತೆಂಟು ವರ್ಷದ ಆ ಕೈ, ಏನು ಎತ್ತ ಎಂದು ನೋಡದೆ ಹರಳುಕಲ್ಲನ್ನು ಕಾಲಿನಿಂದ ಸರಿಸಿ, ಕಾಗದದ ಮೇಲೆ ಅರ್ಧ ತಂಬಿಗೆ ನೀರು ಹಾಕಿ, ತುದಿ ಹಿಡಿದು, ಜಾಡಿಸಿ, ಒಳಗೆ ತಂದಳು.

“ಒದ್ದಿ ಯಾಕ ಆಗ್ಯದವಾ ಇದು?” ಎಂದು ಅವನು ಕೇಳಿದ. ಡಾಕ್ಟರ ಅಕ್ಷರಗಳು ನೀಲಿ ಜೇಡಗಳಾಗಿ ಕಾಲು ಚಾಚಿದ್ದವು. ದವಾಖಾನೆಯ ಶಿಕ್ಕೆಯ ನೇರಳೆ ಮುದ್ರೆ ಹುಣ್ಣಿನಂತೆ ಹರಡಿತ್ತು.

“ಹೊರಗಿಂದ ಬಂದದ್ದು, ನೀರು ಹಾಕಿ ತಗೊಂಡೆ. ಹಂಗ ತಗೋಬೇಕಾಗಿತ್ತೇನು?”

“ಅದು ಕಾಗದವಾ.”

“ಕಾಗದ ಅಂದ್ರೇನು ಗಂಗಾಜಲದಾಗ ಹುಟ್ಟಿ ಬಂದದ್ದೇನೋ? ಯಾರ್ಯಾರು ಮುಟ್ಟಿರ್ತಾರೋ.” ಆಮೇಲೆ ಅವಳಿಗೆ ಹೊಳೆಯಿತು, ಮುಖ ಸಣ್ಣದಾಯಿತು. “ಆಕಿದ ಏನರ ಮುಖ್ಯದ್ದಿತ್ತೇನು? ಇನ್ನೊಂದು ಬರಸಿಕೊಂಡು ಬಾ ಅನ್ನು. ನಾ ಹಾಕಿದೆ ಅಂತ ಹೇಳಲಿಕ್ಕೆ ಹೋಗಬ್ಯಾಡ ಮತ್ತ. ಆಕಿ ಓಣ್ಯಾಗೆಲ್ಲ ಆಡಿಕೋತಾಳ.”

ಅವನು ಹೇಳಲಿಲ್ಲ. ಆದರೆ ಹೇಳದೆ ಇರುವುದು ಬೇರೆ, ಹೇಳಿದ್ದು ಬೇರೆ. ಸಂಜೆ ಚೌಡವ್ವ ಬಂದು ನಿಂಬೆಗಿಡದ ಹತ್ತಿರ ನಿಂತು, “ರಾಯರ, ಸಹಿ ಆತೇನ್ರಿ?” ಎಂದಾಗ ಅವನ ಬಾಯಿಂದ ವಕೀಲನೊಬ್ಬ ಮಾತಾಡಿದ: “ಏನವಾ ಇದು, ತೋಯಿಸಿಕೊಂಡು ತಂದಿಟ್ಟೀಯಲ್ಲ. ಒಂದಕ್ಷರ ಓದಲಿಕ್ಕೆ ಬರೂಹಂಗಿಲ್ಲ.” ಅವಳು ಕಟ್ಟೆಯ ಮೇಲಿದ್ದ ಕಾಗದವನ್ನು ನೋಡಿದಳು. ಪ್ಲಾಸ್ಟರಿನ ಬಲಗೈ ನೋಡಿಕೊಂಡಳು, ಎಡಗೈ ನೋಡಿಕೊಂಡಳು, ಎಡಗೈಯನ್ನು ಸೀರೆಗೆ ಒರೆಸಿಕೊಂಡಳು. ಅದು ಒಣಗೇ ಇತ್ತು. “ಹೌದೇನ್ರಿ? ನನ್ನ ಕೈಯಾಗಿಂದ ಆಗಿರಬೇಕ್ರಿ ರಾಯರ. ಬರೂ ಮುಂದ ನಳದಾಗ ಮಾರಿ ತೊಳಕೊಂಡೆ, ಹಂಗ ಹಿಡಕೊಂಡ್ನೇನೋ.” ಇಪ್ಪತ್ತು ವರ್ಷದ ವಕೀಲಿಕೆಯಲ್ಲಿ ಅವನು ಎಷ್ಟೋ ಸಾಕ್ಷಿಗಳನ್ನು ಗಂಟೆಗಟ್ಟಲೆ ಹಿಂಡಿದ್ದಾನೆ, ಇಂಥ ಒಪ್ಪಿಗೆ ಎಂದೂ ಸಿಕ್ಕಿರಲಿಲ್ಲ. ಆರೋಪ ಬಂದ ಅರ್ಧ ನಿಮಿಷಕ್ಕೆ ತನ್ನ ವಿರುದ್ಧ ತಾನೇ ನಳ ಹುಡುಕಿ, ನೀರು ಹುಡುಕಿ, ಕೈಗೆ ಹಚ್ಚಿ ಕೊಟ್ಟಿದ್ದಳು. ಅವಳು ಹೋದ ಮೇಲೆ ಎದೆ ಹಗುರಾಯಿತು. ಪಾಚಿಯ ಹೊಣೆ ಹೊತ್ತು ಸಹಿ ಮಾಡಬೇಕಾದ ಕಾಗದವೇ ಇಲ್ಲವಲ್ಲ. ಆ ಹಗುರಕ್ಕೇ ರಾತ್ರಿ ಊಟ ಸೇರಲಿಲ್ಲ, ನಿನ್ನೆಯೂ ಸೇರಲಿಲ್ಲ, ಇವತ್ತು ಅವ್ವ ಕೊಟ್ಟ ಅವಲಕ್ಕಿಯ ವಾಸನೆಗೆ ಬಾಯಲ್ಲಿ ನೀರು ಬಂತು, ಹಸಿವಿನದಲ್ಲ.

ಹಿರೇಕೆರೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಿಟಕಿಯ ಕೆಳಗೆ ಯಾರದೋ ವಾಂತಿ ಒಣಗಿ ನಕಾಶೆಯಾಗಿತ್ತು. ಗೋವಿನಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಅವನು ಉಪನ್ಯಾಸದ ಪುಟ ತೆಗೆದು ಓದಲು ನೋಡಿದ: ‘ಜರ್ಮನಿಯಲ್ಲಿ ಸಾಮಾಜಿಕ ಕಾನೂನು ಎಂದರೆ ಬೇನೆ, ಮುಪ್ಪು, ಅಪಘಾತ ಮುಂತಾದವುಗಳಲ್ಲಿ ವ್ಯಕ್ತಿಯನ್ನು ಕಾಯುವ ವ್ಯವಸ್ಥೆ. ಕೆಲಸದಲ್ಲಿ ಬಿದ್ದವನಿಗೆ ಪರಿಹಾರ ಕೊಡುವ ಮೊದಲು ತಪ್ಪು ಯಾರದೆಂದು ಹುಡುಕುತ್ತ ಕೂಡುವುದಿಲ್ಲ.’ ಚೌಡವ್ವಾ, ಒಳಗ ಬಾ. ಅದು ಯಾವ ವರ್ಷ, ಮದುವೆಯಾಗಿ ಎರಡನೆಯದೋ ಮೂರನೆಯದೋ, ವೇದಾಳನ್ನು ನಗಿಸುವ ಹುಚ್ಚು. ನಡುಮನೆಯ ಬಾಗಿಲ ಮರೆಯಿಂದ ಅವ್ವನ ದನಿ ತೆಗೆದು ಕೂಗಿದ್ದ. ಹೊಸದಾಗಿ ಕೆಲಸಕ್ಕೆ ಬಂದ ಚೌಡವ್ವ, ಆಗ ಮೂವತ್ತರ ಹೆಂಗಸು, ಕೈಯಲ್ಲಿದ್ದ ನಾರನ್ನು ಬಿಟ್ಟು, ಕಾಲು ತೊಳೆದುಕೊಂಡು, ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಒಳಗೆ ಬಂದಳು. ಬಂದು ಅಡುಗೆಮನೆಯ ನಡುವೆ ನಿಂತು ಗೋಡೆ, ಜಂತಿ, ಸಾಲಾಗಿಟ್ಟ ಹಿತ್ತಾಳೆ ಡಬ್ಬಿ ಎಲ್ಲವನ್ನೂ ನೋಡಿದಳು. ತಾನು ತಿಕ್ಕಿದ ಪಾತ್ರೆಗಳು ಒಳಗೆ ಎಲ್ಲಿರುತ್ತವೆ ಎಂದು ಅವಳು ನೋಡಿದ್ದು ಅದೇ ಮೊದಲು, ಅದೇ ಕಡೆ. ನಿಜವಾದ ಅವ್ವ ಬಂದಳು. ತುಂಬಿದ ಕೊಡಗಳು ಅಂಗಳಕ್ಕೆ ಉರುಳಿದವು, ಒಲೆಯ ಮೇಲಿನ ಅನ್ನ ಗೂಳಿಗೆ ಹೋಯಿತು. “ನೀವ ಕರದ್ರಿ ಅಂತ ಕೇಳಿಸ್ತ್ರಿ ಬಾಯಾರ, ನನ್ನ ಕಿವೀದ ತಪ್ಪಾತ್ರಿ” ಎನ್ನುತ್ತಿದ್ದಳು ಚೌಡವ್ವ ಹೊರಗೆ ನಿಂತು. ಬಾಗಿಲ ಮರೆಯಲ್ಲಿ ವೇದಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವನಿಗೂ ಆಗ ನಗೆಯೇ ಬಂದಿತ್ತು. ‘ಫ್ರಾನ್ಸಿನಲ್ಲಿ ಈ ಪದದ ವ್ಯಾಪ್ತಿ ಇನ್ನೂ ದೊಡ್ಡದು, ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವಿನ ಸಂಬಂಧವೆಲ್ಲ ಅದರೊಳಗೇ ಬರುತ್ತದೆ.’ ಬಸ್ಸು ಕುಣಿಗೆ ಬಿದ್ದು ಎದ್ದಿತು. ವಾಂತಿಯ ನಕಾಶೆಯಿಂದ ಒಂದು ಚೂರು ದೇಶ ಉದುರಿತು.

ಸಭಾಭವನದ ಬಾಗಿಲಲ್ಲೇ ಮುಜಾಫರ ಕೈಮುಗಿದ. ಇವನ ಹಳೆಯ ವಿದ್ಯಾರ್ಥಿ, ಇಲ್ಲಿಯ ಕೋರ್ಟಿನಲ್ಲಿ ವಕೀಲ, ಶಿಬಿರದ ಓಡಾಟವೆಲ್ಲ ಅವನದೇ.

“ಬರ್ರಿ ಸರ್, ಬರ್ರಿ. ಮಂದಿ ಭಾಳ ಬಂದೈತಿ. ಟೆಂಪೋ ಕಳಿಸಿ ತರಿಸೇವಿ, ಊಟ ಐತಿ ಅಂತ ಹೇಳೇವಿ. ಜಜ್ಜ ಸಾಹೇಬ್ರದು ಒಂದು ದನಿ ತಗೀಬೇಕ್ರಿ ಇವತ್ತ.”

“ಸಾಹೇಬ್ರು ಬಂದಾರೇನು?”

“ಬರಾಂಗಿಲ್ಲಂತ. ಅದಕ್ಕ ಹೇಳಾಕತ್ತೇನಿ.”

ಒಳಗೆ ಫ್ಯಾನುಗಳು ಎಣ್ಣೆಗೂದಲಿನ, ಬೆವರಿನ, ಹಿಂದಿನ ಕೋಣೆಯಲ್ಲಿ ಆರುತ್ತಿದ್ದ ಬದನೆಕಾಯಿ ಪಲ್ಯದ ವಾಸನೆಯನ್ನು ಕಲಸಿ ಹಂಚುತ್ತಿದ್ದವು. ವೇದಿಕೆಯ ಮೇಲೆ ಅವನಿಗೆ ಶಾಲು ಹೊದಿಸಿದರು. ಅದರ ಮಡಿಕೆಯಲ್ಲಿ ಇನ್ನೊಬ್ಬರ ಅತ್ತರಿತ್ತು. ಇದು ಸನ್ಮಾನವಲ್ಲ, ಸಣ್ಣಮಾನ ಎಂದು ಒಳಗೇ ಅಂದುಕೊಂಡ. ಹಾರ ತೆಗೆದಿಡುವಾಗ ಕೆಳಗೆ, ಪಕ್ಕದ ಗೋಡೆಯ ಹತ್ತಿರ, ಹೆಂಗಸರಿಂದ ಹಾಜರಿ ಪುಸ್ತಕಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಬಗ್ಗಿದ್ದು ಕಾಣಿಸಿತು. ಬೆನ್ನಷ್ಟೇ ಕಂಡಿತು. ಇನ್ನೂರು ಬೆನ್ನುಗಳಲ್ಲಿ ಅದೊಂದು.

“ಕಾಯ್ದೆ ಅಂದ್ರ ಏನ್ರಿ ಅವ್ವಾರ? ಬಡವ ಕೋರ್ಟಿನ ಮುಂದ ನಿಂತು ಹೇಳ್ತಾನ, ನಾ ಕಾಯ್ದೆ, ನಾ ಕಾಯ್ದೆ ಅಂತ.” ವೇದಿಕೆಯ ಮೇಲಿದ್ದವರು ನಕ್ಕರು. ಕೆಳಗಿನವರಿಗೆ ಇದು ನಗುವ ವಿಷಯವೆಂದು ಅನ್ನಿಸಲಿಲ್ಲ. ಅವನು ಜರ್ಮನಿಗೆ ಹೋದ. ಫ್ರಾನ್ಸಿಗೆ ಹೋದ. ಇಂಗ್ಲೆಂಡಿನಲ್ಲಿ ಆ ಹೆಸರಿನ ಬೇರೆ ಶಾಖೆಯೇ ಇಲ್ಲವೆಂದು, ಬೇರೆ ಬೇರೆ ಕಾಯಿದೆಗಳಲ್ಲಿ ಚದುರಿಕೊಂಡಿದೆಯೆಂದು ಹೇಳಿದ. ನಮ್ಮಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥ, ಬಿದ್ದವರನ್ನು ಎತ್ತುವುದಷ್ಟೇ ಅಲ್ಲ, ಸಮಾಜವನ್ನೇ ತಿದ್ದುವ ಕಾಯಿದೆಗಳನ್ನೂ ನಾವು ಹಾಗೆ ಕರೆಯುತ್ತೇವೆ ಎಂದು, ವರದಕ್ಷಿಣೆ, ಬಾಲ್ಯವಿವಾಹ ಎಂದು ಶುರುಮಾಡಿ ಪುಟ ತಿರುವಿದ. ಒಂಬತ್ತನೆಯ ಪುಟದ ಮೊದಲ ಸಾಲಿನಲ್ಲಿ ‘ಅಸ್ಪೃಶ್ಯತೆಯ ಆಚರಣೆ’ ಎಂದು ಅವನದೇ ಅಕ್ಷರದಲ್ಲಿತ್ತು. ಬೆರಳಿನ ಬೆವರಿಗೆ ಅಂಟಿತೆಂಬಂತೆ ಎರಡು ಪುಟ ಒಟ್ಟಿಗೆ ಮಗುಚಿದ. ಹನ್ನೊಂದನೆಯ ಪುಟಕ್ಕೆ ಬಂದುಬಿಟ್ಟಿದ್ದ, ಇನ್ನೂ ಹತ್ತು ನಿಮಿಷ ಉಳಿದಿತ್ತು, ಮುಂದಿನ ಸಾಲಿನ ಅಜ್ಜಿಯೊಬ್ಬಳು ಬಾಯಿ ತೆರೆದು ನಿದ್ದೆಹೋಗಿದ್ದಳು, ಅವಳ ತೆರೆದ ಬಾಯಿಯೊಳಗೆ ಕಪ್ಪು ಹಲ್ಲು, ಅದರ ಸುತ್ತ ನೊಣ. ಜನರನ್ನು ಎಬ್ಬಿಸಬೇಕಾಗಿತ್ತು. ಅವನಿಗೆ ಎಬ್ಬಿಸುವ ಉಪಾಯ ಒಂದೇ ಗೊತ್ತು.

“ಜರ್ಮನಿಯ ಹೆಣ್ಮಗಳು ಕೆಲಸದಾಗ ಬಿದ್ರ ಎದ್ದು ಏನಂತಾಳ? ನನ್ನ ಹಕ್ಕು ಕೊಡ್ರಿ ಅಂತಾಳ. ನಮ್ಮಾಕಿ ಏನಂತಾಳ?” ಮೈಕಿಗೆ ಬಾಯಿ ಹತ್ತಿರ ತಂದ. ಎಡ ಭುಜ ತಾನಾಗೇ ಕುಗ್ಗಿತು, ಕೈ ಮೈಮೇಲಿಲ್ಲದ ಸೆರಗಿಗೆ ಒರೆಸಿಕೊಂಡಿತು. “ನನ್ನ ಕೈಯಾಗಿಂದ ಆಗಿರಬೇಕ್ರಿ ರಾಯರ. ಬಿದ್ದಾಕಿ ನಾನ, ಕಲ್ಲಿಂದೇನ್ ತಪ್ಪೈತ್ರಿ, ಪಾಪ.”

ಸಭೆ ಎಚ್ಚರಾಯಿತು. ಇನ್ನೂರು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ತಮ್ಮ ಅತ್ತೆಯನ್ನೋ ನೆರೆಯವಳನ್ನೋ ತಮ್ಮನ್ನೋ ಗುರುತು ಹಿಡಿದು ನಕ್ಕರು. ಅಜ್ಜಿ ಎದ್ದು, ಏನೆಂದು ಕೇಳಿ, ತಾನೂ ನಕ್ಕಳು. ನಗೆಯ ಬಿಸಿ ಅವನ ಮುಖಕ್ಕೆ ಬಂದು ಬಡಿಯಿತು, ತುಂಬಿದ ಬಾಯಿಗಳಿಂದ ಬಂದ ಬಿಸಿ. ಮತ್ತೊಂದು ಸಲ ಮಾಡಿದ. ಎರಡನೆಯ ಸಲ ಮಾಡುವಾಗ ಗೋಡೆಯ ಹತ್ತಿರ ಹಾಜರಿ ಪುಸ್ತಕ ಎದೆಗವಚಿಕೊಂಡು ನಿಂತ ಹುಡುಗಿಯ ಮುಖ ಪೂರ್ತಿ ಕಾಣಿಸಿತು, ಅದೊಂದೇ ನಗುತ್ತಿರಲಿಲ್ಲ. ವಿದ್ಯಾಶ್ರೀ. ಚೌಡವ್ವನ ಮಗಳು. ಹಿತ್ತಲಿನ ನಿಂಬೆಗಿಡದ ಕೆಳಗೆ ತನ್ನ ಅವ್ವನ ಕೆಲಸ ಮುಗಿಯುವವರೆಗೆ ಮಗ್ಗಿ ಬರೆಯುತ್ತಿದ್ದವಳು, ಇದೇ ಊರಿನ ಕಡೆಗೆ ಕೊಟ್ಟದ್ದೆಂದು ಕೇಳಿದ್ದ. ತೋಯ್ದ ಅರ್ಜಿಯಲ್ಲಿ ಚೌಡವ್ವನ ಹೆಸರು, ಊರು, ವಯಸ್ಸನ್ನು ದುಂಡಗೆ ತುಂಬಿದ್ದು ಇವಳ ಕೈ. ಅವನ ಗಂಟಲಲ್ಲಿ ಚೌಡವ್ವ ಅರ್ಧಕ್ಕೆ ನಿಂತಳು.

ಪ್ರಶ್ನೆ ಕೇಳಬಹುದು ಎಂದ ಮುಜಾಫರ. ವಿದ್ಯಾಶ್ರೀ ಕೈ ಎತ್ತಿದಳು.

“ಸರ್, ಜರ್ಮನಿಯೊಳಗ ಬಿದ್ದಾಕಿ ತಪ್ಪೋ ಕಲ್ಲಿನ ತಪ್ಪೋ ಅಂತ ಕೇಳಾಂಗಿಲ್ಲ ಅಂದ್ರಿ. ಆಕಿ ಕಾಗದ ಹಾಳಾತು ಅಂದ್ರ, ಯಾರ ತಪ್ಪು ಅಂತ ಕೇಳ್ತಾರೇನ್ರಿ?”

“ಅದು… ಅದು ಪ್ರಕ್ರಿಯೆಗೆ ಸಂಬಂಧಪಟ್ಟದ್ದು. ದೇಶದಿಂದ ದೇಶಕ್ಕ ಬ್ಯಾರೆ ಇರ್ತದ.”

ಹಿಂದಿನಿಂದ ಗಟ್ಟಿ ಹೆಂಗಸೊಬ್ಬಳು ಎದ್ದಳು. “ಆ ಊರಿಗೆ ಇಲ್ಲಿಂದ ಬಸ್ ಎಷ್ಟಕ್ಕೈತ್ರಿ ಸರ? ಬಿದ್ದ ಮ್ಯಾಲ ಹೋಗಬೇಕೋ, ಅಲ್ಲೇ ಹೋಗಿ ಬೀಳಬೇಕೋ?” ಮತ್ತೆ ನಗೆ. ಈ ಸಲದ ನಗೆ ಅವನು ಕೊಟ್ಟದ್ದಾಗಿರಲಿಲ್ಲ. ಅವನೂ ಹಲ್ಲು ತೋರಿಸಿದ. ಮುಜಾಫರ ವಂದನಾರ್ಪಣೆಗೆ ಎದ್ದ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನಿಗೆಂದು ಬೇರೆ ತಟ್ಟೆ ಇಟ್ಟಿದ್ದರು. ಬದನೆಕಾಯಿ ಎಣ್ಣೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ವಿದ್ಯಾಶ್ರೀ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎನ್ನಬೇಕು ಎಂದುಕೊಂಡ. ಅವಳು ಅಷ್ಟರಲ್ಲಿ ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದಳು.

“ಅವ್ವನ ದನಿ ಚಲೋ ತಗದ್ರಿ ಸರ.” ಕಹಿ ಇರಲಿಲ್ಲ, ಹೊಲಿಗೆ ನೋಡುವ ಇನ್ನೊಬ್ಬ ದರ್ಜಿಯಂತೆ ಹೇಳಿದಳು. “ಒಂದು ತಪ್ಪೈತ್ರಿ. ‘ರಾಯರ’ ಅನ್ನೂ ಮೊದಲ ಅವ್ವ ಸ್ವಲ್ಪ ಉಸರು ನುಂಗ್ತಾಳ. ನಿಮಗ ಕೇಳಿಸಿಲ್ಲೇನೋ.”

ಅವನು ತಟ್ಟೆ ಸರಿಸಿದ.

“ನಿನ್ನೆ ಅವ್ವ ದವಾಖಾನಿಗೆ ಹೋಗಿದ್ಲ್ರಿ. ಎರಡನೇ ಸರ್ಟಿಫಿಕೇಟ್ ಬೇಕಂದ್ರ ಮೊದಲಿಂದು ಯಾಕ ಹಾಳಾತು, ಕೆಲಸ ಕೊಟ್ಟವ್ರ ಕಡಿಂದ ಬರಸ್ಕೊಂಡು ಬಾ ಅಂದಾರ ಡಾಕ್ಟರು. ಅವ್ವ ನಿಮ್ಮ ಹಂತ್ಯಾಕ ಬರಾಕ ಒಲ್ಲೆ ಅಂತಾಳ. ನಾನ ತೋಯಿಸಿ, ನಾನ ಹೋಗಿ ಬರೀರಿ ಅನ್ನಾಕ ಯಾವ ಮಾರಿ ಅಂತಾಳ.” ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು. “ತವರಿಗೆ ಹೋದಾಗ ನಾ ಆ ಕಾಗದ ಪ್ಲಾಸ್ಟಿಕ್ ಚೀಲದಾಗ ಹಾಕಿ ಕಳಿಸಿದ್ದೆ ಸರ. ಅದು ಮೀನಿನಂಗಡಿ ಚೀಲ ಇತ್ತು, ಬಾಯಾರ ಮನಿ ಕಟ್ಟಿ ಮ್ಯಾಲ ಅದನ್ನ ಹೆಂಗ ಇಡ್ಲಿ ಅಂತ, ಇಡೂ ಮುಂದ ಚೀಲ ತಗದ್ಲಂತ. ಅಲ್ಲೀಮಟ ಒಣಗೇ ಇತ್ತಂತ್ರಿ. ಆದ್ರೂ ನನ್ನ ಕೈ ಅಂತಾಳ.”

ಅವಳು ಖಾಲಿ ಹಾಳೆಯೊಂದನ್ನೂ ಹೊಸ ಅರ್ಜಿಯನ್ನೂ ಮುಂದಿಟ್ಟಳು. ಅರ್ಜಿಯ ಮೇಲೆ ಅವನು ಸಹಿ ಮಾಡಿದ. ಇಪ್ಪತ್ತೆರಡು ವರ್ಷ, ಮನೆಗೆಲಸ, ಕೆಲಸದಲ್ಲಿ ಇದ್ದಾಗಲೇ ಬಿದ್ದದ್ದು, ಎಲ್ಲಕ್ಕೂ. ಇಷ್ಟು ಸುಲಭದ್ದಕ್ಕೆ ಎರಡು ದಿನ ಊಟ ಬಿಟ್ಟ ತನ್ನ ಮೇಲೆ ಅಸಹ್ಯವಾಯಿತು. ಆಮೇಲೆ ಖಾಲಿ ಹಾಳೆ. ‘ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿಯವರ ವೈದ್ಯಕೀಯ ಪ್ರಮಾಣಪತ್ರವು ಕಾರಣಾಂತರದಿಂದ ಒದ್ದೆಯಾಗಿ ಹಾಳಾಗಿರುತ್ತದೆ.’ ಪೆನ್ನು ತಾನೇ ಬರೆಯಿತು. ವಿದ್ಯಾಶ್ರೀ ಕತ್ತು ವಾರೆ ಮಾಡಿ ಓದಿದಳು.

“ಕಾರಣಾಂತರ ಅಂದ್ರ ಯಾರ್ರೀ ಸರ?”

ಅವನು ಅದನ್ನು ಹೊಡೆದುಹಾಕಿದ. ಅವ್ವನ ಹೆಸರು ಪೆನ್ನಿನ ತುದಿಯ ತನಕ ಬಂತು. ವಿಮಲಾಬಾಯಿ ಎಂದು ಬರೆದರೆ, ಯಾಕೆ ಎಂದು ಬರೆಯಬೇಕು. ಯಾಕೆ ಎಂದು ಬರೆದರೆ ಅದು ತಾನು ಮಗುಚಿದ ಎರಡು ಪುಟಗಳಿಗೆ ಹೋಗಿ ಸೇರುತ್ತದೆ, ಅದಕ್ಕೆ ಕಲಮು ಇದೆ, ಶಿಕ್ಷೆ ಇದೆ, ತಾನು ಪಾಠ ಮಾಡಿದ್ದೇನೆ. ಎಪ್ಪತ್ತೆಂಟು ವರ್ಷದ ಮುದುಕಿ, ತಂಬಿಗೆ ಹಿಡಿದ ಕೈ. ‘ನನ್ನ ಕೈತಪ್ಪಿನಿಂದ ನೀರು ಚೆಲ್ಲಿ ಹಾಳಾಗಿರುತ್ತದೆ, ಇದರಲ್ಲಿ ಸದರಿಯವರ ತಪ್ಪು ಏನೂ ಇರುವುದಿಲ್ಲ’ ಎಂದು ಬರೆದು, ಹೆಸರು, ಹುದ್ದೆ, ತಾರೀಖು ಹಾಕಿದ. ಹಾಕುವಾಗ ಕಣ್ಣಲ್ಲಿ ನೀರು ಬಂತು. ಆ ನೀರು ಸಿಹಿಯಾಗಿದೆ ಎಂದು ತಿಳಿದದ್ದೇ ತಡ, ಬದನೆಕಾಯಿಯ ವಾಸನೆ ಮೂಗಿನ ತುಂಬ ಎದ್ದಿತು.

ವಿದ್ಯಾಶ್ರೀಯ ಮುಖ ಮೊದಲ ಸಲ ಸಡಿಲಾಯಿತು. “ನಾ ಏನೇನೋ ಅಂದ್ಕೊಂಡಿದ್ದೆ ಸರ. ದೊಡ್ಡ ಮನಸ್ಸು ಮಾಡಿದ್ರಿ. ಮತ್ತೊಬ್ಬರು ಇದ್ರ ಬರದು ಕೊಡ್ತಿದ್ದಿಲ್ಲ.” ಫೋನು ತೆಗೆದಳು. “ಇದನ್ನ ನೀವ ಅವ್ವಗ ಒಂದು ಮಾತು ಹೇಳಿಬಿಡ್ರಿ. ನಾ ಹೇಳಿದ್ರ ನಂಬೂದಿಲ್ಲ. ಮೂರು ದಿನ ಆತು, ಕೈ ಸುಟ್ಟು ಹೋಗ್ಲಿ ಅಂತ ಬೈಕೋತ ಕುಂತಾಳ.” ಅವನು ಬೇಡ ಎನ್ನುವ ಮೊದಲೇ ಫೋನು ಹೋಗಿತ್ತು. “ಅವ್ವಾ, ಒಬ್ಬರು ಮಾತಾಡ್ತಾರ, ಕೇಳು.”

ಫೋನಿನ ಗಾಜು ಅವಳ ಕೆನ್ನೆಯ ಎಣ್ಣೆಯಿಂದ ಬೆಚ್ಚಗಿತ್ತು. ಅವನು ಅದನ್ನು ಕಿವಿಗೆ ಒತ್ತಿಕೊಂಡ.

“ಯಾರ್ರೀ?”

“ಚೌಡವ್ವಾ, ನಾ ಪ್ರಾಣೇಶ.” ಹೇಳಬೇಕಾದ ವಾಕ್ಯ ಎದುರಿಗೆ ಹಾಳೆಯಲ್ಲೇ ಇತ್ತು, ಅದನ್ನೇ ಓದಿದರೆ ಸಾಕಾಗಿತ್ತು. “ಕಾಗದ ನಿನ್ನ ಕೈಯಿಂದ ತೋಯ್ದಿಲ್ಲ. ಅವ್ವ ಮಡಿಯಾಗಿದ್ಲು. ನೀ ಮುಟ್ಟಿದ್ದು ಅಂತ ನೀರು ಹಾಕಿ ತಗೊಂಡ್ಲು. ಗೊತ್ತಿದ್ದೂ ನಾ ನಿನಗ ಸುಳ್ಳು ಹೇಳಿದೆ.”

ಆ ಕಡೆ ಕೋಳಿ ಕೂಗುತ್ತಿತ್ತು. ಚೌಡವ್ವ ನಕ್ಕಳು. ಅವಳು ನಗುವುದನ್ನು ಅವನು ಎಂದೂ ಕೇಳಿರಲಿಲ್ಲ, ಅದು ಅವನ ಸಂಗ್ರಹದಲ್ಲಿರಲಿಲ್ಲ. “ಅಯ್ಯ, ಯಾರ್ರೀ ನೀವು? ರಾಯರ ದನಿ ಭಾಳ ಚಲೋ ತಗೀತೀರಿ.” ಆಮೇಲೆ ನಗೆ ಬಿಟ್ಟು, ನಿಧಾನವಾಗಿ, “ಆದ್ರ ನೋಡ್ರಿ, ನೀವು ಯಾರರ ಇರ್ರಿ. ಬಾಯಾರು ಹಿರ್ಯಾರು. ಅವರ ಮ್ಯಾಲ ಹಿಂಥಾದ್ದು ಹೊರಸಬ್ಯಾಡ್ರಿ, ಚಲೋ ಅಲ್ಲ. ಕಾಗದ ತೋಯಿಸಿದಾಕಿ ನಾನ. ರಾಯರು ಕಣ್ಣಾರೆ ನೋಡಿ ಹೇಳ್ಯಾರ” ಎಂದು ಫೋನು ಇಟ್ಟಳು.

ವಿದ್ಯಾಶ್ರೀ ಅವನನ್ನು ನೋಡುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಅವನು ಬರೆದ ಹಾಳೆಯಿತ್ತು. ಅದನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ. ಸಡಿಲಾಗಿದ್ದ ಮುಖ ಮತ್ತೆ ಕಟ್ಟಿಕೊಂಡಿತು, ಈ ಸಲ ಅದರಲ್ಲಿ ಅಚ್ಚರಿಯೂ ಇರಲಿಲ್ಲ. ಅವನು ಕೈ ಚಾಚಿದ.

“ಕೊಡು ಇಲ್ಲೆ. ತಿದ್ದಿ ಖರೇದ್ದು ಬರದು ಕೊಡ್ತೇನಿ.”

“ಬ್ಯಾಡ್ರಿ.” ಅವಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಖರೇದ್ದು ಬರದ್ರ ಅವರು ಹತ್ತು ಮಾತು ಕೇಳ್ತಾರ. ಯಾಕ ನೀರು ಹಾಕಿದ್ರು, ಇಕಿ ಎಂಥಾಕಿ ಅಂತ. ಕೇಸ್ ಮಾಡು ಅಂತಾರ ಕೆಲವರು, ಬ್ಯಾಡ ಅಂತಾರ ಕೆಲವರು. ಮಾಡಿದ್ರ ಅವ್ವನ ಬಂದು ನಿಮ್ಮ ಬಾಯಾರ ಪರ ಸಾಕ್ಷಿ ಹೇಳ್ತಾಳ, ಈಗ ಕೇಳಿದ್ರೆಲ್ಲ. ಅಷ್ಟೊತ್ತಿಗೆ ಸೋಮವಾರ ದಾಟ್ತೈತಿ. ಬೆರಳು ಹಂಗ ಉಳೀತಾವ.” ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. “ಇದ ನಡೀತೈತಿ ಸರ. ಚಲೋ ಬರದೀರಿ.”

ಹೊರಗೆ ಮುಜಾಫರ ಫೋಟೋಕ್ಕೆ ಕೂಗುತ್ತಿದ್ದ. ಹೆಂಗಸರು ಎಲೆ ಎಳೆದುಕೊಳ್ಳುವ ಸದ್ದು, ಸೌಟಿನ ಸದ್ದು. ವಿದ್ಯಾಶ್ರೀ ಬಾಗಿಲ ತನಕ ಹೋದಳು.

“ನಿಮ್ಮವ್ವ ಕೇಳಿದ್ರ ಏನಂತೀ? ಮಾತಾಡಿದವರು ಯಾರು ಅಂತ ಕೇಳಿದ್ರ?” ಅವನು ಕೇಳಿದ. ಯಾರ ದನಿಯಲ್ಲಿ ಕೇಳಿದನೋ ಅವನಿಗೇ ಗೊತ್ತಾಗಲಿಲ್ಲ.

ಅವಳು ತಿರುಗದೆಯೇ ಹೇಳಿದಳು.

“ಕಾರ್ಯಕ್ರಮಕ್ಕ ಮಿಮಿಕ್ರಿಯವ್ರು ಬಂದಿದ್ರು ಅಂತೇನಿ.”